ಏಳನೇ ತಿಂಗಳಲ್ಲಿ ಮೂರು ದಿನದ ಬೀಚ್ ಸಂಗೀತ: ಹೋಗಬಹುದಾ, ಬೇಡವಾ?

ಕೋಡಿಬಾಗದ ಮಗಳು
ನಮಸ್ಕಾರ ಎಲ್ಲರಿಗೂ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುವುದು ಇದೇ ಮೊದಲು. ತವರು ಕಾರವಾರ, ಕೊಟ್ಟಿದ್ದು ಶಿರಸಿ ಹತ್ತಿರದ ಹಳ್ಳಿಗೆ. ಈಗ 27 ವಾರ, ಚೊಚ್ಚಲು. ಬಿಪಿ, ಶುಗರ್ ಸರಿ ಇದೆ. ಹಿಮೋಗ್ಲೋಬಿನ್ ಮಾತ್ರ 10.4, ಅದಕ್ಕೆ ಮಾತ್ರೆ ನಡೆದಿದೆ.

ಮುಂದಿನ ವಾರ ಕಾರವಾರದ ಕಡಲ ದಂಡೆಯಲ್ಲಿ ಮೂರು ದಿನ ಸಂಗೀತ ಇದೆ. ಮೊದಲ ದಿನ ಹಿಂದೂಸ್ತಾನಿ ಮತ್ತು ಜನಪದ, ಎರಡನೇ ದಿನ ಸಿನಿಮಾ ಹಾಡು, ಕೊನೇ ದಿನ ಬ್ಯಾಂಡು ಮತ್ತು ಡಿಜೆ. ಮದುವೆಗೆ ಮೊದಲು ಇಂಥದ್ದು ಒಂದನ್ನೂ ಬಿಟ್ಟವಳಲ್ಲ ನಾನು. ಮಗು ಬಂದ ಮೇಲೆ ಎರಡು ವರ್ಷ ಎಲ್ಲಿಗೂ ಆಗುವುದಿಲ್ಲ ಅಂತ ಹೇಳುವವರೇ ಎಲ್ಲ. ಹಾಗಾದರೆ ಈಗಲೇ ಹೋಗಿ ಬರಬೇಕಲ್ವಾ?

ಅತ್ತೆ ಸುತಾರಾಂ ಒಪ್ಪುತ್ತಿಲ್ಲ. "ಬಸರಿ ಹೆಂಗಸು ರಾತ್ರಿ ಸಮುದ್ರದ ಗಾಳಿಗೆ ಕೂತ್ರೆ ಬಾಣಂತನದಲ್ಲಿ ಗೊತ್ತಾಗ್ತು" ಅಂತಾರೆ. ನಮ್ಮವರು ಅಮ್ಮನ ಮುಂದೆ ಒಂದು, ನನ್ನ ಮುಂದೆ ಒಂದು. ಡಾಕ್ಟರನ್ನು ಕೇಳಿದೆ. "ಹೋಗಿ, ಹುಷಾರಾಗಿರಿ" ಅಂದರು. ಹುಷಾರು ಅಂದರೆ ಎಂತ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಬಂದು ಕುರ್ಚಿಯಲ್ಲಿ ಕೂತಾಗಿತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ದೇವಿಮನೆ ತಿರುವು
ಸಂಗೀತದ ಸುದ್ದಿ ಆಮೇಲೆ. ಮೊದಲು ಘಾಟಿ ಹೇಗೆ ಇಳಿಯುತ್ತೀರಿ ಹೇಳಿ. ಹೊಟ್ಟೆಯಲ್ಲಿ ಮಗು ಇಲ್ಲದ ನಾನೇ ದೇವಿಮನೆ ಘಾಟಿಯಲ್ಲಿ ವಾಂತಿಗೆ ಅಂತ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಹಿಡಿದು ಕೂರುವವನು.

ಅಪ್ಪೆಮಿಡಿ
ಹೋಗು ತಂಗೀ. ನಾನು ಆರು ತಿಂಗಳಿದ್ದಾಗ ಬನವಾಸಿಯ ಕದಂಬೋತ್ಸವಕ್ಕೆ ಎರಡೂ ದಿನ ಹೋಗಿದ್ದೆ. ಎಂತ ಆಗಲಿಲ್ಲ. ಮಗ ಈಗ ಮೂರನೇ ಕ್ಲಾಸು, ತಬಲಾ ಕಲಿ ಅಂದರೆ ಓಡಿ ಹೋಗುತ್ತಾನೆ. ಗರ್ಭದಲ್ಲೇ ಸಂಸ್ಕಾರ ಆಗುತ್ತದೆ ಅನ್ನುವುದೆಲ್ಲ ಸುಳ್ಳು ಅಂತ ನನಗೆ ಆವತ್ತೇ ಗೊತ್ತಾಯ್ತು.

ಸುಮ್ನೆ ಒಬ್ಬ
ಮೂರು ತಿಂಗಳು ತಡೆದರೆ ಏನಾಗುತ್ತದೆ? ಮಗು ಮುಖ್ಯವೋ ಡಿಜೆ ಮುಖ್ಯವೋ? ಈಗಿನವರಿಗೆ ಎಲ್ಲವೂ ಬೇಕು.

ಅಪ್ಪೆಮಿಡಿ
@ಸುಮ್ನೆ ಒಬ್ಬ, ನಿಮಗೆ ಎಷ್ಟು ವಾರ?

ಬಂಗಡೆ ಸಾರು
😂😂

ಹಳೇ ಸಿಸ್ಟರ್
ನಾನು ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಹುಷಾರು ಅಂದರೆ ಎಂತ ಅಂತ ಕೇಳಿದ್ದೀರಿ, ಬಿಡಿಸಿ ಹೇಳುತ್ತೇನೆ.

ತೊಂದರೆ ಇಲ್ಲದ ಬಸುರಿಗೆ ನಾಲ್ಕರಿಂದ ಏಳನೇ ತಿಂಗಳವರೆಗೆ ಓಡಾಟ ಸಲೀಸು. ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಅಷ್ಟು ಭಾರ ಆಗಿರುವುದಿಲ್ಲ. ನಿಮ್ಮದು ಆ ಗಡಿಯಲ್ಲೇ ಇದೆ. ರಕ್ತ ಹೋಗಿದ್ದರೆ, ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದ್ದರೆ, ಅವಳಿ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಕೂರುವುದೂ ಒಂದು ಕೆಲಸವೇ. ನಾಲ್ಕು ತಾಸು ಕಾಲು ಇಳಿಬಿಟ್ಟು ಕೂತರೆ ಪಾದ ಊದುತ್ತದೆ. ಬಸುರಿಯರಿಗೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಳಿದವರಿಗಿಂತ ಜಾಸ್ತಿ. ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ನೀರು ಕುಡಿಯಬೇಕು. ಶೌಚಕ್ಕೆ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯದೆ ಕೂರುವವರಿದ್ದಾರೆ. ಉರಿಮೂತ್ರ ಹತ್ತಿಸಿಕೊಂಡು ಬರುತ್ತಾರೆ. ಬಸುರಿಯಲ್ಲಿ ಅದು ಸಣ್ಣ ವಿಷಯ ಅಲ್ಲ, ಸೋಂಕು ಮೇಲೆ ಹತ್ತಿದರೆ ಅವಧಿಗೆ ಮೊದಲೇ ನೋವು ಶುರುವಾಗಬಹುದು.

ತಾಯಿ ಕಾರ್ಡ್ ಬ್ಯಾಗಿನಲ್ಲಿ ಇರಲಿ. ಮೊಬೈಲಿನಲ್ಲಿ ಫೋಟೋ ಇದೆ ಅನ್ನಬೇಡಿ, ಚಾರ್ಜು ಮುಗಿಯುವುದು ಬೇಕಾದ ಹೊತ್ತಿಗೇ. ರಕ್ತ ಕಂಡರೆ, ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ-ಕೈ ಇದ್ದಕ್ಕಿದ್ದಂತೆ ಊದಿದರೆ, ಮಗುವಿನ ಮಿಸುಕಾಟ ಕಮ್ಮಿ ಅನ್ನಿಸಿದರೆ ಹಾಡು ಮುಗಿಯಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಸೀದಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅದು ಊರೊಳಗೇ ಇದೆ.

ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಚಹಾದ ಜೊತೆ ನುಂಗಬೇಡಿ. ಉತ್ಸವ ಅಂದ ಮೇಲೆ ಗಂಟೆಗೊಂದು ಚಹಾ ಆಗುತ್ತದೆ, ನನಗೆ ಗೊತ್ತು.

ಕೋಡಿಬಾಗದ ಮಗಳು
ಸಿಸ್ಟರ್, ಇಷ್ಟು ಉದ್ದ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ರಕ್ತ ಗಿಕ್ತ ಏನೂ ಇಲ್ಲ, ಮಾಸು ಮೇಲೇ ಇದೆ. ಶಬ್ದದ ಬಗ್ಗೆ ನೀವು ಹೇಳಲಿಲ್ಲ. ಮಗುವಿಗೆ ಈಗ ಕೇಳಿಸುತ್ತದಾ?

ಹಳೇ ಸಿಸ್ಟರ್
ಕೇಳಿಸುತ್ತದೆ. 24-25 ವಾರದ ಹೊತ್ತಿಗೆ ಶಬ್ದಕ್ಕೆ ಮಿಸುಕಾಡಲು ಶುರುಮಾಡುತ್ತವೆ. ಕುಕ್ಕರ್ ಸೀಟಿಗೆ ಒದೆಯುತ್ತದಾ ಗಮನಿಸಿ.

ಕಾರ್ಖಾನೆಯಲ್ಲಿ ದುಡಿಯುವ ಬಸುರಿಯರಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವುದು ಹೀಗೆ: 115 ಡೆಸಿಬಲ್‌ಗಿಂತ ಜಾಸ್ತಿ ಶಬ್ದ ಇರುವಲ್ಲಿ ದಿನಾ ಕೆಲಸ ಬೇಡ, ಕಿವಿಗೆ ಏನು ಹಾಕಿಕೊಂಡಿದ್ದರೂ ಬೇಡ. ಒಂದು ಸಂಜೆಯ ಹಾಡು ಮತ್ತು ದಿನಾ ಎಂಟು ತಾಸಿನ ಕಾರ್ಖಾನೆ ಒಂದೇ ಅಲ್ಲ. ಹಾಗಂತ ಬಾಕ್ಸಿನ ಮುಂದೆ ಹೋಗಿ ನಿಲ್ಲಬೇಡಿ.

ಮೈಕ್ ಟೆಸ್ಟಿಂಗ್
ಇದು ನನ್ನ ಹೊಟ್ಟೆಪಾಡಿನ ವಿಷಯ, ಹೇಳಲೇಬೇಕು. ಹದಿನೈದು ವರ್ಷದಿಂದ ಸೌಂಡ್ ಕಟ್ಟುತ್ತೇನೆ, ಭಟ್ಕಳದಿಂದ ಕಾರವಾರದವರೆಗೆ.

ಅಕ್ಕಾ, ಕಿವಿಗೆ ಹತ್ತಿ ಇಟ್ಟುಕೊಂಡರೆ ನಿಮ್ಮ ಕಿವಿ ಉಳಿಯಿತು, ಒಳಗಿರುವವರ ಕಿವಿಗೆ ಯಾರು ಹತ್ತಿ ಇಡುತ್ತಾರೆ? ತೆಳು ದನಿ ಹೊಟ್ಟೆ ದಾಟುವಾಗ ಸುಮಾರು ಸೋರಿ ಹೋಗುತ್ತದೆ. ಬೇಸ್ ಹಾಗಲ್ಲ, ಅದು ಸೀದಾ ಹೋಗುತ್ತದೆ. ನಾವು ಬೇಸ್ ಬಾಕ್ಸ್ ಇಡುವುದು ಸ್ಟೇಜಿನ ಕಾಲಬುಡದಲ್ಲಿ, ನೆಲದ ಮೇಲೆ. ವಿಐಪಿ ಸೋಫಾ ಹಾಕುವುದೂ ಅದರ ಎದುರಿಗೇ. ಪಾಸ್ ಸಿಕ್ಕಿತು ಅಂತ ಖುಷಿಯಲ್ಲಿ ಹೋಗಿ ಕೂತು, ಎದೆ ಗುದ್ದಿಸಿಕೊಂಡು ಬರುವವರು ಅವರೇ.

ಲೆಕ್ಕ ಸುಲಭ. ಬಯಲಿನಲ್ಲಿ ಬಾಕ್ಸಿನಿಂದ ದೂರ ಎರಡು ಪಟ್ಟು ಆದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹತ್ತು ಮೀಟರಿನಲ್ಲಿ 100 ಇದ್ದರೆ ನಲವತ್ತು ಮೀಟರಿನಲ್ಲಿ 88ರ ಆಸುಪಾಸು. ದೊಡ್ಡ ಶೋಗಳಲ್ಲಿ ಮೇಲೆ ತೂಗುಹಾಕುವ ಉದ್ದ ಸಾಲಿನ ಸ್ಪೀಕರಿಗೆ ಇಷ್ಟು ಬೇಗ ಇಳಿಯುವುದಿಲ್ಲ. ಅದಕ್ಕೆ ದೂರ ಒಂದೇ ಸಾಲದು, ಪಕ್ಕಕ್ಕೂ ಸರಿಯಬೇಕು. ನಮ್ಮ ಮಿಕ್ಸರ್ ಟೇಬಲ್ ಎಲ್ಲಿದೆ ನೋಡಿ, ಅದರ ಹಿಂದೆ, ಒಂದು ಕಡೆಗೆ ಕೂರಿ. ಅಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ನಾವೂ ಅಲ್ಲೇ ಕೂತು ಕೇಳುವುದು. ಜನರೇಟರ್ ಇರುವ ಕಡೆ ಮಾತ್ರ ಹೋಗಬೇಡಿ, ಹೊಗೆ.

ಮಂದ್ರ
ಎಲ್ಲ ಸರಿ, ಆದರೆ ಡಿಜೆಯನ್ನು ಸಂಗೀತ ಅಂತ ಯಾವಾಗಿಂದ ಕರೆಯಲು ಶುರುಮಾಡಿದ್ದು? ನಮ್ಮ ಶಿರಸಿ, ಸಿದ್ದಾಪುರ ಕಡೆ ಅಹೋರಾತ್ರಿ ಬೈಠಕ್ ಆಗುತ್ತದೆ. ಅಡಿಕೆ ಒಣಗಿಸುವ ಅಂಗಳಕ್ಕೆ ಚಪ್ಪರ, ಕೆಳಗೆ ಕಂಬಳಿ, ನಡುರಾತ್ರಿ ಕಷಾಯ. ಬೆಳಗಿನ ಜಾವ ಭೈರವ್ ಶುರುವಾಗುವಾಗ ತೋಟದ ಕಡೆಯಿಂದ ತಂಪು ಬರುತ್ತದೆ ನೋಡಿ... ಬಸುರಿಯರು ಕೇಳಬೇಕಾದದ್ದು ಅದು.

ಎರಡು ಮಕ್ಕಳ ತಾಯಿ
ಬೆಳಗಿನ ಜಾವದ ತನಕ ನೆಲದ ಮೇಲೆ ಕೂತು, ಆಮೇಲೆ ಏಳುವುದು ಹೇಗೆ ಅಂತಲೂ ಹೇಳಿ ಸ್ವಾಮಿ. ಏಳನೇ ತಿಂಗಳಲ್ಲಿ ನೆಲದಿಂದ ಏಳಲು ನನಗೆ ಇಬ್ಬರು ಬೇಕಾಗುತ್ತಿತ್ತು.

ಹಳೇ ಸಿಸ್ಟರ್
ಅದೂ ಅಲ್ಲದೆ ಡಿಸೆಂಬರಿನಿಂದ ಮೇ ತನಕ ಆ ಕಡೆ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಕಾಲ. ಸಿದ್ದಾಪುರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕಾಡಂಚಿನ ಅಂಗಳದಲ್ಲಿ ದರಕಿನ (ಒಣ ಎಲೆ) ಮೇಲೆ ಕಂಬಳಿ ಹಾಸಿ ಕೂತರೆ ಉಣ್ಣಿ ಹತ್ತುವುದಕ್ಕೆ ಅಷ್ಟೇ ಸಾಕು. ಬೈಠಕ್‌ಗೆ ಹೋಗುವುದೇ ಆದರೆ ಉದ್ದ ತೋಳಿನ ಬಟ್ಟೆ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಬಸುರಿಗೆ ಆಗುತ್ತದಾ ಅಂತ ಅವರನ್ನೇ ಕೇಳಿ ಹಚ್ಚುವುದು, ಬಂದ ಮೇಲೆ ಬಿಸಿನೀರು, ಸೋಪು, ಸ್ನಾನ. ಈ ವಿಷಯದಲ್ಲಿ ಸಮುದ್ರದ ಮರಳೇ ವಾಸಿ.

ಮಂದ್ರ
ನಮ್ಮ ಅಂಗಳ ಸಾರಿಸಿರುತ್ತೇವೆ ಸಿಸ್ಟರ್, ದರಕು ಇರುವುದಿಲ್ಲ.

ಹಳೇ ಸಿಸ್ಟರ್
ಸಂತೋಷ.

ಕಾಳಿ ದಂಡೆ
ಸದಾಶಿವಗಡದಿಂದ. ಆ ದಿನಗಳಲ್ಲಿ ಟ್ರಾಫಿಕ್ ಲೆಕ್ಕ ಹಾಕಿಕೊಳ್ಳಿ. 2024ರ ಆಗಸ್ಟಿನಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಕುಸಿದ ಮೇಲೆ ಉತ್ಸವ, ಜಾತ್ರೆ ಅಂದರೆ ನಮ್ಮ ಕಡೆಯವರು ಟ್ರಾಫಿಕ್‌ನಲ್ಲಿ ಸಿಕ್ಕಿ ಹೊಳೆಯ ಮೇಲೆ ನಿಂತು ಪಟಾಕಿ ನೋಡುವುದು. ನೀವು ಕೋಡಿಬಾಗದವರು, ನಿಮಗೆ ಸೇತುವೆ ದಾಟಬೇಕಿಲ್ಲ, ಪುಣ್ಯವಂತರು. ಆದರೂ ಕಾರ್ಯಕ್ರಮ ಬಿಟ್ಟ ಹೊತ್ತಿಗೆ ಹೈವೇಗೆ ಬಂದರೆ ಒಂದು ತಾಸು ಅಲ್ಲೇ.

ದೇವಿಮನೆ ತಿರುವು
ಸೇತುವೆ ಬಿಡಿ, ಹೆಚ್ಚುಕಮ್ಮಿ ಆದರೆ ಎಲ್ಲಿಗೆ ಒಯ್ಯುತ್ತೀರಿ? ಜಿಲ್ಲೆಗೆ ದೊಡ್ಡ ಆಸ್ಪತ್ರೆ ಕೊಡಿ ಅಂತ 2019ರಲ್ಲಿ ಟ್ವಿಟರ್ ತುಂಬ ಕೂಗಿದೆವು. ಇವತ್ತಿಗೂ ಗಂಭೀರ ಕೇಸ್ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ.

ಕಾಳಿ ದಂಡೆ
ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ ಮಾರಾಯ್ರೆ. ಹೆರಿಗೆ ಅಲ್ಲಿ ದಿನಾ ಆಗುತ್ತದೆ. ಎಲ್ಲದಕ್ಕೂ ಮಣಿಪಾಲ ಅನ್ನಬೇಡಿ.

ದೇವಿಮನೆ ತಿರುವು
ಹೆರಿಗೆಯ ಮಾತಲ್ಲ, 27 ವಾರಕ್ಕೆ ಹುಟ್ಟಿದ ಮಗುವಿನ ಮಾತು.

ಹಳೇ ಸಿಸ್ಟರ್
ಇಬ್ಬರೂ ನಿಲ್ಲಿಸಿ. ಅವಳನ್ನು ಹೆದರಿಸಬೇಡಿ. ಹಾಗೆ ನೋಡಿದರೆ ಅವಳ ಹಳ್ಳಿಗಿಂತ ಕಾರವಾರವೇ ಆಸ್ಪತ್ರೆಗೆ ಹತ್ತಿರ.

ಎರಡು ಮಕ್ಕಳ ತಾಯಿ
ನನ್ನ ಕಥೆ ಹೇಳುತ್ತೇನೆ. ಯಾವ ಊರು, ಯಾರು ಮಾಡಿದ್ದು ಅಂತ ಹೇಳುವುದಿಲ್ಲ. ಎರಡನೆಯವಳು ಹೊಟ್ಟೆಯಲ್ಲಿದ್ದಾಗ ಇಂಥದ್ದೇ ಬೀಚಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಹೆಂಗಸರಿಗೆ ಅಂತ ಇಟ್ಟಿದ್ದು ನಾಲ್ಕು ಮೊಬೈಲ್ ಟಾಯ್ಲೆಟ್. ಎಂಟು ಗಂಟೆಗೆ ನೀರು ಖಾಲಿ. ಹೋಗುವ ದಾರಿಯಲ್ಲಿ ಲೈಟಿಲ್ಲ, ಕಾಲಿಗೆ ಕೇಬಲ್ ಸಿಗುತ್ತಿತ್ತು. ಸರದಿಯಲ್ಲಿ ನಿಂತಿದ್ದ ಒಬ್ಬ ಅಜ್ಜಿ "ಬಸರಿ ಇದಾಳೆ, ಬಿಡ್ರೇ" ಅಂತ ಕೂಗಿ ನನ್ನನ್ನು ಮುಂದೆ ಕಳಿಸಿದರು. ಅವರಿಗೆ ಒಳ್ಳೆಯದಾಗಲಿ.

ಅದಕ್ಕಿಂತ ದೊಡ್ಡದು ಕುರ್ಚಿ. ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಯನ್ನು ಒಣ ಮರಳಿನ ಮೇಲೆ ಹಾಗೇ ಇಟ್ಟಿದ್ದರು. ಕೂತಾಗ ಸರಿಯಾಗೇ ಇತ್ತು. ಹಿಂದಕ್ಕೆ ಒರಗಿದೆ, ಎಡಗಡೆಯ ಹಿಂಗಾಲು ಸುಯ್ಯನೆ ಒಳಗೆ ಇಳಿಯಿತು. ಕಾಲು ಹೊರಳಿ, ಕುರ್ಚಿ ಓರೆಯಾಗಿ, ನಾನು ಪಕ್ಕದವರ ತೊಡೆ ಮೇಲೆ. ಬಿದ್ದಿದ್ದು ನಿಧಾನವಾಗಿ, ಪೆಟ್ಟೇನೂ ಆಗಲಿಲ್ಲ. ಆದರೆ ಆಮೇಲೆ ಕಾರ್ಯಕ್ರಮ ಮುಗಿಯುವ ತನಕ ಎರಡೂ ಕೈಯಲ್ಲಿ ಮುಂದಿನ ಕುರ್ಚಿ ಹಿಡಿದುಕೊಂಡೇ ಕೂತಿದ್ದೆ. ಯಾವ ಹಾಡು ಹಾಡಿದರು ಅಂತ ಈಗ ನೆನಪೂ ಇಲ್ಲ.

ಮೈಕ್ ಟೆಸ್ಟಿಂಗ್
ನೂರಕ್ಕೆ ನೂರು ನಿಜ. ನಮ್ಮ ಸ್ಪೀಕರ್ ಸ್ಟ್ಯಾಂಡಿಗೆ ಪ್ಲೈವುಡ್ ತುಂಡು ಇಡದೆ ಮರಳಿನಲ್ಲಿ ನಿಲ್ಲಿಸುವುದೇ ಇಲ್ಲ. ಮನುಷ್ಯರ ಕುರ್ಚಿಗೆ ಯಾರೂ ಇಡುವುದಿಲ್ಲ.

ಅಪ್ಪೆಮಿಡಿ
ಶಿರಸಿಯಿಂದ ಹೊರಟವಳಿಗೆ ಪ್ಲೈವುಡ್ ಯಾಕೆ? ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಎರಡು ತುಂಡು ಕಾರಿನ ಡಿಕ್ಕಿಯಲ್ಲಿ ಹಾಕಿಕೋ. ಮುಂದಿನ ಎರಡು ಕಾಲಿಗೆ ಒಂದು, ಹಿಂದಿನ ಎರಡು ಕಾಲಿಗೆ ಒಂದು. ಒಳಮೈ ಕೆಳಗೆ ಬರುವ ಹಾಗೆ ಇಟ್ಟರೆ ಜಾರುವುದಿಲ್ಲ.

ಬಂಗಡೆ ಸಾರು
ತಿನ್ನುವುದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ಎಂಥ ಕಾರವಾರದವರಪ್ಪ ನೀವು! ಮೀನು ತಿನ್ನುವವರಾದರೆ ಬಂಗಡೆ, ತಾರಲೆ ಚೆನ್ನಾಗಿ ಬೇಯಿಸಿದ್ದು ತಿನ್ನಿ, ಬಸುರಿಗೆ ಒಳ್ಳೆಯದೇ. ದೊಡ್ಡ ಮೀನು, ಅದರಲ್ಲೂ ಶಾರ್ಕ್ ಬೇಡ, ಪಾದರಸ ಜಾಸ್ತಿ ಇರುತ್ತದೆ. ತಿಸರೆ (ಚಿಪ್ಪುಮೀನು) ಪೂರ್ತಿ ಬೆಂದಿದ್ದರೆ ಮಾತ್ರ. ಐಸ್ ಗೋಲಾ, ಪಾನಿಪೂರಿಯ ನೀರು ಮುಟ್ಟಬೇಡಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಸರಕಾರ 2024ರ ಮಾರ್ಚಿನಲ್ಲೇ ನಿಷೇಧ ಮಾಡಿದೆ. ಉತ್ಸವದ ಲೈಟಿನಲ್ಲಿ ಎಲ್ಲವೂ ಕೆಂಪೇ ಕಾಣುತ್ತದೆ, ಅದು ಬೇರೆ ಮಾತು.

ಕೋಡಿಬಾಗದ ಮಗಳು
ಮದುವೆ ಆದಲ್ಲಿಂದ ಮೀನು ತವರಿನಲ್ಲಿ ಮಾತ್ರ 😄 ಅತ್ತೆಗೆ ಈ ಚರ್ಚೆ ತೋರಿಸಬೇಕು ಅಂತಿದ್ದೆ, ಇನ್ನು ತೋರಿಸುವ ಹಾಗಿಲ್ಲ.

ಬಂಗಡೆ ಸಾರು
ಅಯ್ಯೋ. ಡಿಲೀಟ್ ಮಾಡಲಾ?

ಕೋಡಿಬಾಗದ ಮಗಳು
ಬೇಡ ಬೇಡ. ಅವರಿಗೆ ಗೊತ್ತು. ಗೊತ್ತಿಲ್ಲದ ಹಾಗೆ ಇರುತ್ತಾರೆ ಅಷ್ಟೇ.

ಸುಮ್ನೆ ಒಬ್ಬ
ನಾನು ಮೊದಲು ಒರಟಾಗಿ ಬರೆದೆ, ಬೇಜಾರಾಗಬೇಡಿ. ನನ್ನ ಹೆಂಡತಿಗೆ ಹಿಂದೆ ಒಮ್ಮೆ ಐದನೇ ತಿಂಗಳಲ್ಲಿ ಕಳೆದುಹೋಗಿತ್ತು. ಎಲ್ಲಿಗೂ ಹೋಗಿರಲಿಲ್ಲ, ಮನೆಯಲ್ಲೇ ಇದ್ದಳು. ಆದರೂ ಇಂಥದ್ದು ಓದಿದರೆ ಎದೆ ಧಸಕ್ ಅನ್ನುತ್ತದೆ.

ಹಳೇ ಸಿಸ್ಟರ್
ಮನೆಯಲ್ಲಿದ್ದರೂ ಆಗುವುದು ಆಗುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬರೆದಿದ್ದು ಒಳ್ಳೆಯದಾಯ್ತು.

ಅಪ್ಪೆಮಿಡಿ
ನಾನೂ ಚುಚ್ಚಿ ಮಾತಾಡಿದೆ. ಕ್ಷಮಿಸಿ.

ಮಂದ್ರ
ವಿಷಯಾಂತರ: ಶಾಸ್ತ್ರದಲ್ಲಿ ಬಸುರಿಯ *ಗಂಡ* ಸಮುದ್ರಸ್ನಾನ ಮಾಡಬಾರದು ಅಂತ ಇದೆ. ಹೆಂಡತಿ ಹಾಡು ಕೇಳಬಾರದು ಅಂತ ಎಲ್ಲೂ ಓದಿಲ್ಲ. ಅತ್ತೆಗೆ ಹೇಳಿ. ಇನ್ನೊಂದು ಮಾತು, ಅಭಿಮನ್ಯುವಿಗೆ ಹೊಟ್ಟೆಯಲ್ಲಿದ್ದಾಗ ಒಳಗೆ ಹೋಗುವುದು ಕೇಳಿಸಿತು, ಹೊರಗೆ ಬರುವುದು ಕೇಳಿಸಲಿಲ್ಲ. ನೀವು ಹೋದ ಕೂಡಲೇ ಹೊರಗೆ ಬರುವ ದಾರಿ ನೋಡಿಟ್ಟುಕೊಳ್ಳಿ. ಜನ ಸೇರಿದ ಮೇಲೆ ಹುಡುಕಲು ಆಗುವುದಿಲ್ಲ.

ಮೈಕ್ ಟೆಸ್ಟಿಂಗ್
ಮಂದ್ರ ಅವರು ಇವತ್ತು ಮೊದಲ ಸಲ ಉಪಯೋಗದ ಮಾತು ಹೇಳಿದರು. ಬ್ಯಾರಿಕೇಡ್ ತೆರೆದಿರುವ ತುದಿಗೆ ಕೂರಿ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಮೈಕ್ ಹಾಕುವ ಹಾಗಿಲ್ಲ, 2000ನೇ ಇಸವಿಯ ನಿಯಮ. ಸರಕಾರ ವರ್ಷಕ್ಕೆ ಹದಿನೈದು ದಿನದ ಒಳಗೆ ವಿಶೇಷ ಅನುಮತಿ ಕೊಟ್ಟರೆ ಹನ್ನೆರಡರ ತನಕ. ಅಂದರೆ ದೊಡ್ಡ ಹೆಸರಿನವರು ಸ್ಟೇಜಿಗೆ ಬರುವುದೇ ಒಂಬತ್ತೂವರೆ ಮೇಲೆ. ಮಂತ್ರಿಗಳ ಭಾಷಣ ಮುಗಿಯಬೇಕಲ್ಲ. ಸಂಜೆ ಆರಕ್ಕೆ ಹೋಗಿ ಕೂರಬೇಡಿ, ಎಂಟಕ್ಕೆ ಹೋಗಿ.

ಕೋಡಿಬಾಗದ ಮಗಳು
ಅಪ್‌ಡೇಟ್. ನಿನ್ನೆ ನಮ್ಮವರ ಸೋದರತ್ತೆ ಬಂದಿದ್ದರು. ಮಾತಿನ ಮಧ್ಯೆ ಹೇಳಿಬಿಟ್ಟರು: ಇವರು ಹೊಟ್ಟೆಯಲ್ಲಿದ್ದಾಗ ನಮ್ಮತ್ತೆ ಏಳು ತಿಂಗಳ ಬಸುರಿ, ಗದ್ದೆ ಬಯಲಿನಲ್ಲಿ ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ, ಬೆಳಗಾದ ಮೇಲೆ ನಡೆದುಕೊಂಡು ಮನೆಗೆ ಬಂದಿದ್ದರಂತೆ! ನಾನು ಅತ್ತೆಯ ಮುಖ ನೋಡಿದೆ. "ಅದು ಆಟ" ಅಂದರು. ಅಷ್ಟೇ.

ಬಂಗಡೆ ಸಾರು
ಚಂಡೆ ಶಬ್ದ ಕಮ್ಮಿ ಏನಲ್ಲ 😂 @ಮೈಕ್ ಟೆಸ್ಟಿಂಗ್ ಎಷ್ಟು ಡೆಸಿಬಲ್ ಹೇಳಿ.

ಮೈಕ್ ಟೆಸ್ಟಿಂಗ್
ನನ್ನನ್ನು ಅತ್ತೆ-ಸೊಸೆ ಮಧ್ಯೆ ತರಬೇಡಿ.

ಎರಡು ಮಕ್ಕಳ ತಾಯಿ
ಅತ್ತೆಯನ್ನೇ ಕರೆದುಕೊಂಡು ಹೋಗಿ. ಟಾಯ್ಲೆಟ್ ಸರದಿಯಲ್ಲಿ ಕೂಗಲು ಒಬ್ಬರು ಬೇಕು.

ದೇವಿಮನೆ ತಿರುವು
ಕಾರಿನಲ್ಲಿ ಹೋಗುವುದಾದರೆ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬೇಡ, ಹೊಟ್ಟೆಯ ಕೆಳಗೆ, ಸೊಂಟದ ಎಲುಬಿನ ಮೇಲೆ ಬರಬೇಕು. ಮೇಲಿನ ಪಟ್ಟಿ ಎದೆಯ ನಡುವೆ. ಬೆಲ್ಟ್ ಹಾಕದೇ ಇರುವುದು ಅದಕ್ಕಿಂತ ಅಪಾಯ. ಬಸ್ಸಾದರೆ ಹಿಂದಿನ ಸೀಟು ಬೇಡವೇ ಬೇಡ. ಹೆಂಗಸರಿಗೆ ಬಸ್ಸು ಫ್ರೀ, ಸೀಟು ಸಿಗುವುದು ಮಾತ್ರ ಅದೃಷ್ಟ. ಕೊಟ್ಟೆ ಇಟ್ಟುಕೊಳ್ಳಿ.

*(ಹನ್ನೊಂದು ದಿನದ ನಂತರ)*

ಕೋಡಿಬಾಗದ ಮಗಳು
ಬಂದೆ, ಎಲ್ಲರೂ ಕೇಳುತ್ತಿದ್ದಿರಿ. ಹೋಗುವ ಎರಡು ದಿನ ಮೊದಲು ಅತ್ತೆ ಒಲೆ ಮುಂದೆ ಕೂತವರು ತಿರುಗಿಯೂ ನೋಡದೆ "ಆನೂ ಬತ್ತಿ" ಅಂದರು. ಮೂವರೂ ಹೋದೆವು. ಘಾಟಿಯಲ್ಲಿ ಎರಡು ಕಡೆ ನಿಲ್ಲಿಸಿದೆವು, ನನಗಲ್ಲ, ನಮ್ಮವರಿಗೆ ವಾಂತಿ.

ಮೊದಲ ದಿನ ಎರಡು ತಾಸು ಕೂತೆವು. ಮಿಕ್ಸರಿನ ಹಿಂದೆ, ಎಡಗಡೆ, ದಾರಿಯ ತುದಿಯಲ್ಲಿ. ದಬ್ಬೆ ಹಾಕುವಾಗ ಅಕ್ಕಪಕ್ಕದವರು ನಗುತ್ತಿದ್ದರು. ಒಬ್ಬರ ಕುರ್ಚಿ ಹೂತ ಮೇಲೆ ಎಲ್ಲಿ ಸಿಗುತ್ತದೆ ಅಂತ ಕೇಳಲು ಬಂದರು. ತಬಲಾ ದ್ರುತಕ್ಕೆ ಹೋದಾಗ ಮಗು ಒಂದೇ ಸಮ ಒದೆಯಿತು. ಅತ್ತೆಯ ಕೈ ಹಿಡಿದು ಹೊಟ್ಟೆ ಮೇಲೆ ಇಟ್ಟೆ. ಏನೂ ಮಾತಾಡಲಿಲ್ಲ, ಕೈ ಮಾತ್ರ ತುಂಬಾ ಹೊತ್ತು ತೆಗೆಯಲಿಲ್ಲ. ಎರಡನೇ ದಿನ ಜನ ಜಾಸ್ತಿ, ಟಾಯ್ಲೆಟ್ ನೋಡಿದ ಮೇಲೆ ಒಂದು ತಾಸಿಗೇ ಎದ್ದು ಮನೆಗೆ ಬಂದೆವು. ಅಮ್ಮನ ಮನೆ ಹತ್ತಿರ ಇದ್ದಿದ್ದೇ ಉಳಿಸಿತು.

ಮೂರನೇ ದಿನ ನನ್ನ ಪಾದ ಬನ್ನಿನ ಹಾಗೆ ಊದಿತ್ತು. ಸಿಸ್ಟರ್ ಹೇಳಿದ್ದು ನೆನಪಾಗಿ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿದೆ, ಸರಿ ಇತ್ತು. ಮಂಚದ ಮೇಲೆ ದಿಂಬಿಗೆ ಕಾಲು ಏರಿಸಿ ಮಲಗಿದೆ. ಡಿಜೆ ಮನೆಗೇ ಕೇಳುತ್ತಿತ್ತು. ನನ್ನನ್ನು ಅಮ್ಮನ ಹತ್ತಿರ ಬಿಟ್ಟು ಅತ್ತೆ ಮಗನನ್ನು ಎಬ್ಬಿಸಿಕೊಂಡು ಹೋದರು. ವಾಪಸ್ ಬಂದಿದ್ದು ಹನ್ನೊಂದೂವರೆಗೆ.

ಮಂದ್ರ
ಡಿಜೆಗಾ???

ಕೋಡಿಬಾಗದ ಮಗಳು
"ಎಂತ ಇರ್ತು ಅಂತ ನೋಡನ ಹೇಳಿ" ಅಂದರು.

ಹಳೇ ಸಿಸ್ಟರ್
ಬಿಪಿ ನೋಡಿಸಿದ್ದು ಒಳ್ಳೆಯದಾಯ್ತು. ಹಿಮೋಗ್ಲೋಬಿನ್ ಮುಂದಿನ ತಿಂಗಳು ಮತ್ತೆ ಮಾಡಿಸಿ. 9ನೇ ತಾರೀಕು ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಉಚಿತ ಇರುತ್ತದೆ.

ಅಪ್ಪೆಮಿಡಿ
ದಬ್ಬೆ ವಾಪಸ್ ತಂದ್ಯಾ?

ಕೋಡಿಬಾಗದ ಮಗಳು
ಒಂದು ತಂದೆ. ಇನ್ನೊಂದನ್ನು ಪಕ್ಕದವರು ಕೇಳಿ ತಗೊಂಡರು, ಅವರದ್ದು ಆರನೇ ತಿಂಗಳಂತೆ.